ಶಾಲಭಂಜಿಕೆ: ಪ್ರಾಚೀನ ಶಿಲ್ಪಗಳಲ್ಲಿ ಸ್ತ್ರೀ ಮತ್ತು ವೃಕ್ಷ

ಹೂ ಬಿಟ್ಟ ವೃಕ್ಷದ ಕೊಂಬೆಯನ್ನು ಹಿಡಿದು, ಒಂದು ಕಾಲನ್ನು ಕಾಂಡಕ್ಕೆ ತಾಗಿಸಿ ನಿಂತಿರುವ ಸ್ತ್ರೀಯ ಪ್ರತಿಮೆಯನ್ನು ಭಾರತೀಯ ಶಿಲ್ಪಕಲೆಯಲ್ಲಿ ‘ಶಾಲಭಂಜಿಕೆ’ ಎಂದು ಕರೆಯಲಾಗುತ್ತದೆ. ‘ಶಾಲವೃಕ್ಷದ ಕೊಂಬೆಯನ್ನು ಮುರಿಯುವವಳು’ ಎಂಬುದು ಇದರ ಅರ್ಥ. ಮೂಲತಃ ಇದು ಪೂರ್ವ ಭಾರತದ ಒಂದು ಕ್ರೀಡೆಯ ಹೆಸರು. ಶ್ರಾವಸ್ತಿಯಲ್ಲಿ ನಡೆಯುತ್ತಿದ್ದ ಈ ಉತ್ಸವವನ್ನು ‘ಅವದಾನಶತಕ’ ಎಂಬ ಬೌದ್ಧ ಗ್ರಂಥವು ವರ್ಣಿಸುತ್ತದೆ. ಕಾಲಕ್ರಮೇಣ ಈ ಹೆಸರು ಪ್ರತಿಮೆಗೂ ಅನ್ವಯವಾಯಿತು.

ಹಿನ್ನೆಲೆ

ವೃಕ್ಷಗಳಲ್ಲಿ ಯಕ್ಷಿಯರು ನೆಲೆಸಿದ್ದು, ಸಂತಾನ ಮತ್ತು ಸಮೃದ್ಧಿಯನ್ನು ಕರುಣಿಸುತ್ತಾರೆ ಎಂಬ ನಂಬಿಕೆ ಪ್ರಾಚೀನ ಕಾಲದಿಂದಲೂ ಇದ್ದಿತು. ಸ್ತ್ರೀಯ ಪಾದಸ್ಪರ್ಶದಿಂದ ಅಶೋಕವೃಕ್ಷವು ಹೂ ಬಿಡುತ್ತದೆ ಎಂಬ ‘ದೋಹದ’ ಕಲ್ಪನೆಯು ಸಂಸ್ಕೃತ ಕಾವ್ಯಗಳಲ್ಲಿ ಪ್ರಸಿದ್ಧವಾಗಿದೆ. ಲುಂಬಿನಿಯಲ್ಲಿ ಮಾಯಾದೇವಿಯು ವೃಕ್ಷದ ಕೊಂಬೆಯನ್ನು ಹಿಡಿದು ನಿಂತಿದ್ದಾಗ ಬುದ್ಧನ ಜನನವಾಯಿತೆಂಬ ಪ್ರಸಂಗವನ್ನು ಶಿಲ್ಪಿಗಳು ಇದೇ ಭಂಗಿಯಲ್ಲಿ ಚಿತ್ರಿಸಿದ್ದಾರೆ.

ಪ್ರಮುಖ ಶಿಲ್ಪಗಳು

ಕ್ರಿ.ಪೂ. 2ನೆಯ ಶತಮಾನದ ಭಾರ್ಹುತ್ ಸ್ತೂಪದ ಕಂಬಗಳಲ್ಲಿ ಯಕ್ಷಿಯರ ಹೆಸರುಗಳನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಲಾಗಿದೆ. 1873ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅವರು ಪತ್ತೆಹಚ್ಚಿದ ಈ ಸ್ತೂಪದ ಬಹುಪಾಲು ಅವಶೇಷಗಳು ಕೋಲ್ಕತ್ತದ ಭಾರತೀಯ ವಸ್ತುಸಂಗ್ರಹಾಲಯದಲ್ಲಿವೆ. ಸಾಂಚಿಯ ಮಹಾಸ್ತೂಪದ ಪೂರ್ವ ತೋರಣದಲ್ಲಿ ಕ್ರಿ.ಪೂ. 1ನೆಯ ಶತಮಾನದ ಯಕ್ಷಿಯು ಮಾವಿನ ಮರದ ಕೊಂಬೆಗೆ ಜೋತುಬಿದ್ದಂತೆ ನಿಂತಿದ್ದಾಳೆ. ಕಂಬಕ್ಕೂ ಅಡ್ಡತೊಲೆಗೂ ನಡುವೆ ಓರೆಯಾಗಿ ಚಾಚಿಕೊಂಡಿರುವ ಈ ಪ್ರತಿಮೆಯು ಸ್ತೂಪವನ್ನು ಪ್ರವೇಶಿಸುವವರನ್ನು ಸ್ವಾಗತಿಸುವ ಮಂಗಳಸೂಚಕವೂ ಆಗಿದೆ.

ಕರ್ನಾಟಕದಲ್ಲಿ

ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯ ಕಂಬಗಳ ಮೇಲ್ಭಾಗದಲ್ಲಿ ವೃಕ್ಷಗಳ ಕೆಳಗೆ ನಿಂತಿರುವ ದಂಪತಿಗಳ ಶಿಲ್ಪಗಳಿವೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಇದೇ ಪರಂಪರೆಗೆ ಸೇರಿದವರು. ಇಲ್ಲಿ ವೃಕ್ಷವು ಸೂಕ್ಷ್ಮ ಕೆತ್ತನೆಯ ಎಲೆಬಳ್ಳಿಗಳ ಕಮಾನಾಗಿ ಮಾರ್ಪಟ್ಟಿದೆ. ಈ ದೇವಾಲಯವು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾಗಿದೆ.

ಸಂರಕ್ಷಣೆ

ಸಾಂಚಿಯ ಒಂದು ಶಾಲಭಂಜಿಕೆಯು ಇಂದು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಪ್ರತಿಮೆಯು ಕಾಣುತ್ತದೆಯೇ ಹೊರತು, ಅದು ಅಲಂಕರಿಸಿದ್ದ ತೋರಣವಾಗಲಿ, ಅದು ಸ್ವಾಗತಿಸುತ್ತಿದ್ದ ಯಾತ್ರಿಕರ ದಾರಿಯಾಗಲಿ ಕಾಣುವುದಿಲ್ಲ. ಶಿಲ್ಪವು ಸ್ವಸ್ಥಾನದಲ್ಲಿಯೇ ಉಳಿಯಬೇಕಾದ ಅಗತ್ಯಕ್ಕೆ ಇದು ನಿದರ್ಶನವಾಗಿದೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳಿಗೆ ಹಾನಿಯುಂಟುಮಾಡುವುದು 1958ರ ಅಧಿನಿಯಮದ ಮೇರೆಗೆ ಅಪರಾಧವಾಗಿದ್ದು, 2010ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಸಾರ್ವಜನಿಕರು ಶಿಲ್ಪಗಳನ್ನು ಮುಟ್ಟದೆ, ಅವುಗಳ ಮೇಲೆ ಹೆಸರು ಗೀಚದೆ, ಎಣ್ಣೆ ಕುಂಕುಮ ಹಚ್ಚದೆ ಸಹಕರಿಸಬೇಕೆಂದು ಕೋರಲಾಗಿದೆ.