ಬ್ರೌಸರ್ ಬದಲಿಸುವ ಮುನ್ನ

ಇರುವ ಬ್ರೌಸರ್‌ ಮೇಲೆ ನಂಬಿಕೆ ಹೋದಾಗ, ಇಲ್ಲವೇ ಅದರೊಡನೆ ಏಗಿ ಸಾಕಾದಾಗ ಬೇರೆಯದನ್ನು ಹುಡುಕುವ ಯೋಚನೆ ಬರುತ್ತದೆ. ಈ ಎರಡೂ ಒಟ್ಟಿಗೇ ಬಂದ ವರ್ಷ 2004. ಆಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಬಳಸುತ್ತಿದ್ದುದು ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್. ಅದರ 6ನೇ ಆವೃತ್ತಿ 2001ರಲ್ಲಿ ಬಂದಿತ್ತು. ಎದುರಾಳಿ ನೆಟ್‌ಸ್ಕೇಪ್ ಆಗಲೇ ನೆಲಕಚ್ಚಿದ್ದರಿಂದ ಪೈಪೋಟಿಯ ಒತ್ತಡವಿರಲಿಲ್ಲ. 7ನೇ ಆವೃತ್ತಿಗೆ ಜನ 2006ರವರೆಗೆ ಕಾಯಬೇಕಾಯಿತು.

ಈ ನಡುವೆ, 2004ರ ಜೂನ್ ಕೊನೆಯಲ್ಲಿ, ‘ಡೌನ್‌ಲೋಡ್.ಜೆಕ್ಟ್’ ಎಂಬ ದಾಳಿ ನಡೆಯಿತು. ದಾಳಿಕೋರರು ಮೊದಲು ಜಾಲತಾಣಗಳ ಸರ್ವರ್‌ಗಳಿಗೆ ನುಗ್ಗಿ ಪುಟಗಳ ಕೊನೆಯಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಸೇರಿಸಿದರು. ಎಕ್ಸ್‌ಪ್ಲೋರರ್‌ನಲ್ಲಿ ಆ ಪುಟ ತೆರೆದರೆ ಸಾಕು, ಕೀಲಿಮಣೆಯಲ್ಲಿ ಒತ್ತಿದ್ದನ್ನು ಕದಿಯುವ ತಂತ್ರಾಂಶ ಕಂಪ್ಯೂಟರಿಗೆ ಇಳಿಯುತ್ತಿತ್ತು. ಬಳಕೆದಾರ ಯಾವ ಕಡತವನ್ನೂ ತೆರೆಯಬೇಕಿರಲಿಲ್ಲ, ಅನುಮಾನಾಸ್ಪದ ತಾಣಕ್ಕೂ ಹೋಗಬೇಕಿರಲಿಲ್ಲ. ಎಚ್ಚರದಿಂದಿದ್ದವರಿಗೂ ರಕ್ಷಣೆಯಿಲ್ಲ ಎಂಬುದೇ ಈ ದಾಳಿಯ ನಿಜವಾದ ಭಯ. ಬ್ರೌಸರ್ ವಿಂಡೋಸ್‌ನೊಳಗೆ ಆಳವಾಗಿ ಹೆಣೆದುಕೊಂಡಿತ್ತು. ಆ್ಯಕ್ಟಿವ್‌ಎಕ್ಸ್ ಎಂಬ ವ್ಯವಸ್ಥೆಯಂತೂ ಜಾಲತಾಣದಿಂದ ಬಂದ ಪ್ರೋಗ್ರಾಮಿಗೆ ಬಳಕೆದಾರನಿಗಿರುವ ಅಧಿಕಾರವನ್ನೆಲ್ಲ ಕೊಡುತ್ತಿತ್ತು.

ಅಮೆರಿಕದ ಸರ್ಕಾರಿ ಭದ್ರತಾ ಸಂಸ್ಥೆ ಯುಎಸ್-ಸರ್ಟ್ ಸೂಚಿಸಿದ ಪರಿಹಾರಗಳಲ್ಲಿ ‘ಬೇರೆ ಬ್ರೌಸರ್ ಬಳಸಿ’ ಎಂಬುದೂ ಇತ್ತು. ಅದರೊಡನೆ ಎರಡು ಎಚ್ಚರಿಕೆಗಳನ್ನೂ ಅದು ಕೊಟ್ಟಿತು: ಎಕ್ಸ್‌ಪ್ಲೋರರ್‌ಗೆಂದೇ ಮಾಡಿದ ಕೆಲವು ತಾಣಗಳು ಬೇರೆಡೆ ಸರಿಯಾಗಿ ನಡೆಯದಿರಬಹುದು; ಹೊಸದನ್ನು ಹಾಕಿಕೊಂಡ ಮಾತ್ರಕ್ಕೆ ಹಳೆಯದು ಕಂಪ್ಯೂಟರಿನಿಂದ ಹೋಗುವುದಿಲ್ಲ, ಇತರ ಪ್ರೋಗ್ರಾಮುಗಳು ಅದನ್ನು ಒಳಗಿಂದಲೇ ಬಳಸುತ್ತಿರುತ್ತವೆ. ಈ ಎರಡನೆಯ ಮಾತು ಸುಲಭವಾಗಿ ಕಣ್ತಪ್ಪುವಂಥದು.

ಅದೇ ವರ್ಷ ನವೆಂಬರ್ 9ರಂದು ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್ 1.0 ಬಿಡುಗಡೆ ಮಾಡಿತು. ಒಂದು ವರ್ಷ ತುಂಬುವುದರೊಳಗೆ ಅದರ ಡೌನ್‌ಲೋಡ್ ಸಂಖ್ಯೆ 10 ಕೋಟಿ ದಾಟಿತು. ಇಷ್ಟು ಜನರನ್ನು ಸೆಳೆದದ್ದು ಸುರಕ್ಷತೆಯೊಂದೇ ಅಲ್ಲ. ಒಂದೇ ಕಿಟಕಿಯಲ್ಲಿ ಹಲವು ಪುಟಗಳನ್ನು ಟ್ಯಾಬ್‌ಗಳಾಗಿ ತೆರೆಯಬಹುದಿತ್ತು. ಮೇಲೆ ಬಿದ್ದು ಬರುವ ಪಾಪ್-ಅಪ್ ಜಾಹೀರಾತುಗಳನ್ನು ಅದು ತಡೆಯುತ್ತಿತ್ತು. ದಿನನಿತ್ಯದ ಕಿರಿಕಿರಿ ತಪ್ಪಿದ್ದು ಜನರಿಗೆ ಕೂಡಲೇ ಗೊತ್ತಾಗುತ್ತದೆ, ತಪ್ಪಿದ ದಾಳಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಬದಲಿಸುವ ಮನಸ್ಸಿದ್ದೂ ಆಗದವರು ಅನೇಕರಿದ್ದರು. ದಕ್ಷಿಣ ಕೊರಿಯಾದಲ್ಲಿ ಬ್ಯಾಂಕ್ ವ್ಯವಹಾರದ ಗೂಢಲಿಪೀಕರಣ ಆ್ಯಕ್ಟಿವ್‌ಎಕ್ಸ್ ಮೂಲಕವೇ ನಡೆಯುತ್ತಿದ್ದುದರಿಂದ, ಹಣ ಕಳಿಸಬೇಕೆಂದರೆ ಎಕ್ಸ್‌ಪ್ಲೋರರ್ ಬೇಕೇಬೇಕಿತ್ತು. ಕನ್ನಡ ಓದುಗರಿಗೂ ಇಂಥದೇ ತೊಡಕಿತ್ತು. ಯೂನಿಕೋಡ್ ಬೇರೂರುವ ಮುನ್ನ ಹಲವು ಭಾರತೀಯ ಭಾಷೆಗಳ ತಾಣಗಳು ಎಕ್ಸ್‌ಪ್ಲೋರರ್ ಮಾತ್ರ ಅರಿಯುವ, ಪುಟದೊಡನೆಯೇ ಇಳಿಯುವ ಡೈನಮಿಕ್ ಫಾಂಟ್‌ಗಳನ್ನು ನೆಚ್ಚಿದ್ದವು. ಬೇರೆ ಬ್ರೌಸರ್‌ನಲ್ಲಿ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತಿದ್ದವು.

ಹೊಸದರಲ್ಲಿ ದೋಷವೇ ಇರುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. 2005ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್‌ನ ಗಂಭೀರ ದೋಷವೊಂದು ಬಯಲಾಯಿತು. ಕೆಲವೇ ದಿನಗಳಲ್ಲಿ 1.0.4 ಆವೃತ್ತಿ ಅದನ್ನು ಸರಿಪಡಿಸಿತು. ಹಾಗಾಗಿ ದೋಷಗಳ ಎಣಿಕೆಗಿಂತ ಒಳ್ಳೆಯ ಅಳತೆಗೋಲು ದುರಸ್ತಿಯ ವೇಗ. ಇನ್ನೊಂದು ಅಳತೆ, ದೋಷವಿದ್ದರೂ ಹಾನಿ ಎಷ್ಟು ದೂರ ಹರಡಬಲ್ಲದು ಎಂಬುದು. 2008ರ ಸೆಪ್ಟೆಂಬರಿನಲ್ಲಿ ಬಂದ ಗೂಗಲ್ ಕ್ರೋಮ್, ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ನಡೆಸಿ ಅವುಗಳ ಅಧಿಕಾರಕ್ಕೆ ಬೇಲಿ ಹಾಕಿತು. ಈಗ ಈ ವ್ಯವಸ್ಥೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದೆ.

ಇಂದು ಹೆಸರು ಬದಲಾದರೂ ಒಳಗೆ ಪುಟಗಳನ್ನು ತೋರಿಸುವ ಎಂಜಿನ್ ಅದೇ ಆಗಿರುವ ಸಾಧ್ಯತೆ ಹೆಚ್ಚು. ಕ್ರೋಮ್ ಮಾತ್ರವಲ್ಲ, ಬ್ರೇವ್, ಒಪೆರಾ, ವಿವಾಲ್ಡಿ, 2020ರಿಂದ ಮೈಕ್ರೋಸಾಫ್ಟ್ ಎಡ್ಜ್ ಕೂಡ ನಿಂತಿರುವುದು ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶದ ಮೇಲೆ. ಕ್ರೋಮಿಯಂನಲ್ಲಿ ದೋಷ ಸಿಕ್ಕರೆ ಇವುಗಳಿಗೆಲ್ಲ ಪ್ಯಾಚ್ ಬೇಕಾಗುತ್ತದೆ. ಆದ್ದರಿಂದ ಕ್ರೋಮ್‌ನಿಂದ ಎಡ್ಜ್‌ಗೆ ಹೋದವರಿಗೆ ಸೌಲಭ್ಯಗಳೂ ಖಾಸಗಿತನದ ನಿಯಮಗಳೂ ಬದಲಾಗಬಹುದು, ಬುನಾದಿ ಬದಲಾಗುವುದಿಲ್ಲ. ಬೇರೆ ಎಂಜಿನ್ ಬೇಕೆಂದರೆ ಗೆಕ್ಕೊ ಬಳಸುವ ಫೈರ್‌ಫಾಕ್ಸ್, ವೆಬ್‌ಕಿಟ್ ಬಳಸುವ ಸಫಾರಿ ಇವೆ. ಫೈರ್‌ಫಾಕ್ಸ್‌ನ ಮೆನುಗಳು ಕನ್ನಡದಲ್ಲೂ ಸಿಗುತ್ತವೆ.

ಬ್ರೌಸರ್ ಬದಲಿಸಲು ಕಾರಣ ನಿಧಾನಗತಿಯೋ ಪದೇ ಪದೇ ನಿಂತುಹೋಗುವುದೋ ಆಗಿದ್ದರೆ, ಮೊದಲು ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಆಫ್ ಮಾಡಿ ನೋಡಬೇಕು. ಎಷ್ಟೋ ಸಲ ತಪ್ಪು ಅವುಗಳದ್ದೇ. ತೆರೆದ ಪುಟಗಳನ್ನೆಲ್ಲ ಓದುವ ಅನುಮತಿ ಪಡೆದ ಎಕ್ಸ್‌ಟೆನ್ಷನ್ ಒಂದಿದ್ದರೆ, ಯಾವ ಬ್ರೌಸರ್‌ಗೆ ಹೋಗಿ ಅದನ್ನೇ ಮತ್ತೆ ಹಾಕಿಕೊಂಡರೂ ಅಪಾಯ ಜೊತೆಗೇ ಬರುತ್ತದೆ. ಹೊಸದನ್ನು ಕೆಲವು ವಾರ ಹಳೆಯದರ ಪಕ್ಕದಲ್ಲೇ ಇಟ್ಟುಕೊಂಡು ಬ್ಯಾಂಕ್, ತೆರಿಗೆ, ಕಚೇರಿಯ ತಾಣಗಳನ್ನು ಅದರಲ್ಲಿ ಪರೀಕ್ಷಿಸುವುದು ಒಳ್ಳೆಯದು. ಬುಕ್‌ಮಾರ್ಕ್‌ಗಳು ಸುಲಭವಾಗಿ ಬರುತ್ತವೆ. ಪಾಸ್‌ವರ್ಡ್‌ಗಳನ್ನು ಕಡತವಾಗಿ ರಫ್ತು ಮಾಡಿದರೆ ಅದು ಯಾರು ಬೇಕಾದರೂ ಓದಬಹುದಾದ ಸರಳ ಪಠ್ಯ. ಹೊಸ ಬ್ರೌಸರ್‌ಗೆ ತುಂಬಿಸಿದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆಯಬೇಕು.