ವಾರದ ಉಪಾಸ, ಗಡಿಯಾರದ ಉಪಾಸ

ಸವದತ್ತಿ ಗುಡ್ಡದ ಯಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಮಂಗಳವಾರ, ಶುಕ್ರವಾರ ಒಪ್ಪತ್ತು. ಶ್ರಾವಣದಲ್ಲಿ ಸೊಗಲದ ಸೋಮೇಶ್ವರನ ಹೆಸರಲ್ಲಿ ಸೋಮವಾರ. ವಿಠ್ಠಲನ ಭಕ್ತರಿಗೆ ಏಕಾದಶಿ, ಮುಸ್ಲಿಂ ಮನೆಗಳಲ್ಲಿ ರಂಜಾನಿನ ರೋಜಾ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯವರಿಗೆ ಉಪಾಸ ಇರುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೂ “ವಾರಕ್ಕೆರಡು ದಿನಾ ಉಪಾಸ ಇರ್ತೇನ್ರಿ, ತೂಕ ಇಳಿವಲ್ದು” ಎನ್ನುವವರಿಗೆ ಕೊರತೆಯಿಲ್ಲ. ಈಗ ಮೊಬೈಲಿನಲ್ಲಿ 16:8 ಎಂಬ ಗಡಿಯಾರದ ಉಪಾಸವೂ ಬಂದಿದೆ: ದಿನದ 8 ಗಂಟೆಯೊಳಗೆ ಊಟ ಮುಗಿಸಿ, ಉಳಿದ 16 ಗಂಟೆ ನೀರಿನ ಮೇಲೆ ಇರುವುದು. ಬೊಜ್ಜಿಗೆ, ಸಕ್ಕರೆ ಕಾಯಿಲೆಗೆ ಇವುಗಳಿಂದ ಎಷ್ಟು ಉಪಯೋಗ?

ಹೊಟ್ಟೆ ಖಾಲಿ ಇದ್ದಾಗ

ಉಂಡ ಕೂಡಲೇ ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಸ್ನಾಯು ಮತ್ತು ಯಕೃತ್ತಿಗೆ ಸೇರಿಸುತ್ತದೆ, ಕೊಬ್ಬು ಕರಗುವುದನ್ನು ತಡೆಯುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜೆನ್ ರೂಪದಲ್ಲಿ ಕೂಡಿರುತ್ತದೆ. ಇದು ಅಡುಗೆಮನೆಯ ಹಿಟ್ಟಿನ ಡಬ್ಬಿಯಾದರೆ, ಮೈಯ ಕೊಬ್ಬು ಹಗೇವಿನಲ್ಲಿ ತುಂಬಿಟ್ಟ ಜೋಳ. ಕಡೆಯ ಊಟವಾಗಿ 12 ಗಂಟೆ ದಾಟುತ್ತಿದ್ದಂತೆ ಡಬ್ಬಿ ಬರಿದಾಗುತ್ತ ಬರುತ್ತದೆ, ದೇಹ ಹೆಚ್ಚು ಹೆಚ್ಚಾಗಿ ಹಗೇವಿಗೆ ಕೈಹಾಕುತ್ತದೆ. ಆಗ ಯಕೃತ್ತು ಕೊಬ್ಬಿನಿಂದ ಕೀಟೋನು ಎಂಬ ಬದಲಿ ಇಂಧನವನ್ನು ತಯಾರಿಸುತ್ತದೆ.

ಹೊಟ್ಟೆಯ ಸುತ್ತ, ಯಕೃತ್ತಿನ ಒಳಗೆ ಕೊಬ್ಬು ತುಂಬಿದವರಲ್ಲಿ ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಜೊತೆಜೊತೆಗೇ ಏರುವುದು ಇದರಿಂದ. ಭಾರತೀಯರಿಗೆ ಈ ತೊಂದರೆ ಕಡಿಮೆ ತೂಕದಲ್ಲೇ ಶುರುವಾಗುತ್ತದೆ. ಹಾಗಾಗಿ ನಮ್ಮಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಮುಟ್ಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು ಇದೆ.

ಪ್ರಯೋಗಗಳಲ್ಲಿ ಕಂಡದ್ದು

ಚೀನಾದ ಗುವಾಂಗ್‌ಝೌದಲ್ಲಿ ಬೊಜ್ಜಿರುವ 139 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಎರಡೂ ಗುಂಪಿಗೆ ಕ್ಯಾಲೊರಿ ಕಡಿತ ಒಂದೇ. ಒಂದು ಗುಂಪು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕು. ಆ ಗುಂಪಿನವರು ಸರಾಸರಿ 8 ಕಿಲೊ ಇಳಿದರು, ಹೊತ್ತಿನ ಕಟ್ಟಿಲ್ಲದವರು 6.3 ಕಿಲೊ. 2022ರಲ್ಲಿ ಹೊರಬಂದ ಈ ಫಲಿತಾಂಶದ ಅಂತರ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ನಿಲ್ಲಲಿಲ್ಲ. ಅಮೆರಿಕದಲ್ಲಿ 2020ರ ಪ್ರಯೋಗವೊಂದರಲ್ಲಿ 116 ಜನರಲ್ಲಿ ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಬೇಕಾದಷ್ಟು ಉಣ್ಣಿರಿ ಎಂದರು. 12 ವಾರ ಕಳೆದರೂ ಇಳಿದದ್ದು ಒಂದು ಕಿಲೊ ಒಳಗೇ. ದಿನಕ್ಕೆ ಮೂರು ಹೊತ್ತು ಉಂಡವರಿಗಿಂತ ಹೆಚ್ಚೇನಲ್ಲ.

ಹೊತ್ತಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಕೆಲವು ಗಂಡಸರಿಗೆ 5 ವಾರ ಮಧ್ಯಾಹ್ನ 3ರೊಳಗೆ ಕಡೆಯ ಊಟ ಕೊಟ್ಟಾಗ, ತೂಕ ಇಳಿಯದಿದ್ದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ರಕ್ತದೊತ್ತಡವೂ ತಗ್ಗಿತು. 2018ರ ಈ ಪ್ರಯೋಗದಲ್ಲಿದ್ದವರು ಎಂಟೇ ಜನ. ಅದನ್ನು ಸುಳಿವು ಎನ್ನಬಹುದು, ತೀರ್ಪು ಎನ್ನಲಾಗದು. ತೂಕ ಇಳಿಸುವುದು ಒಟ್ಟು ಊಟದ ಕಡಿತವೇ. ಹೊತ್ತಿನ ಕಟ್ಟು ಆ ಕಡಿತಕ್ಕೆ ಒಂದು ಉಪಾಯ, ಕೆಲವರಿಗೆ ಒಗ್ಗುತ್ತದೆ, ಕೆಲವರಿಗಿಲ್ಲ.

ಫಳಾರದ ತಾಟು

ವಾರದ ಉಪಾಸ ಕೈಕೊಡುವುದು ಎಲ್ಲಿ ಎಂದು ತಾಟಿನಲ್ಲೇ ನೋಡಬಹುದು. 75 ಗ್ರಾಂ ಸಾಬೂದಾಣಿ, ಒಂದು ಹಿಡಿ ಶೇಂಗಾ, ಒಂದು ದೊಡ್ಡ ಚಮಚ ಎಣ್ಣೆ ಹಾಕಿದ ಖಿಚಡಿಯಲ್ಲಿ ಸುಮಾರು 540 ಕ್ಯಾಲೊರಿ. ಪ್ರೋಟೀನ್ 6-7 ಗ್ರಾಂ, ಅದೂ ಬಹುಪಾಲು ಶೇಂಗಾದ್ದು. ಸಾಬೂದಾಣಿ ಎಂದರೆ ಬರೀ ಪಿಷ್ಟ. 100 ಗ್ರಾಂ ಹಿಟ್ಟಿನ ಎರಡು ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯೆ ಉಂಡರೆ ಸುಮಾರು 500 ಕ್ಯಾಲೊರಿ. ಪ್ರೋಟೀನ್ ಮಾತ್ರ 17 ಗ್ರಾಂ ಹತ್ತಿರ, ಮೇಲೆ ನಾರಿನಂಶ. ಉಪಾಸದ ತಾಟು ರೊಟ್ಟಿಯ ತಾಟಿಗಿಂತ ಹಗುರವಲ್ಲ, ಹಸಿವೂ ಬೇಗ ಮರಳುತ್ತದೆ. ಇದರ ಮೇಲೆ ಎರಡೆರಡು ಚಮಚ ಸಕ್ಕರೆಯ ಚಹಾ ನಾಲ್ಕು ಸಲ ಕುಡಿದರೆ, ಸಕ್ಕರೆಯೊಂದರಿಂದಲೇ ಸುಮಾರು 160 ಕ್ಯಾಲೊರಿ. ಸಂಜೆ ಉಪಾಸ ಬಿಡುವಾಗ ಹೋಳಿಗೆಯೂ ಬಂದರೆ ದಿನದ ಉಳಿತಾಯವೆಲ್ಲ ಹೋಯಿತು.

ಮನೆಯಲ್ಲಿ ಮಾಡುವುದು

ಒಪ್ಪತ್ತು ಇರುವವರು ಆ ಒಂದು ಊಟದಲ್ಲಿ ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆ ಇಟ್ಟುಕೊಳ್ಳಲಿ. ಫಳಾರವೇ ಬೇಕೆಂದರೆ ಖಿಚಡಿಯ ಬದಲು ಒಂದು ಹಣ್ಣು, ಒಂದು ಹಿಡಿ ಹುರಿದ ಶೇಂಗಾ, ಸಕ್ಕರೆಯಿಲ್ಲದ ಚಹಾ. ಉಳಿದ ದಿನ ರಾತ್ರಿ 10ರ ಊಟವನ್ನು 7ಕ್ಕೆ ತಂದರೆ, ಬೆಳಿಗ್ಗೆ 8ರ ನಾಷ್ಟಾದವರೆಗೆ 13 ಗಂಟೆಯ ಬಿಡುವು ತಾನಾಗಿಯೇ ಸಿಗುತ್ತದೆ. ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು ನೀರು ಬಿಡಬಾರದು.

ಎಚ್ಚರ ಬೇಕಾದದ್ದು ಗುಳಿಗೆಯ ವಿಷಯದಲ್ಲಿ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಗುಡ್ಡ ಹತ್ತಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೈ ನಡುಗಿ, ಬೆವರು ಒಡೆದು, ಕಣ್ಣು ಮಂಜಾದರೆ ಕೂಡಲೇ ಸಕ್ಕರೆ ಇಲ್ಲವೇ ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು; ಹರಕೆಯನ್ನು ಇನ್ನೊಂದು ವಾರ ತೀರಿಸಬಹುದು. ರೋಜಾ ಹಿಡಿಯುವವರು ರಂಜಾನಿಗೆ ಮೊದಲೇ ವೈದ್ಯರ ಬಳಿ ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಬಸುರಿಯರು, ಮೊಲೆಯೂಡುವ ತಾಯಂದಿರು, ಮಕ್ಕಳು, ಸೊರಗಿದ ವೃದ್ಧರಿಗೆ ಈ ಗಡಿಯಾರದ ಉಪಾಸ ಬೇಡ.

ಶುರು ಮಾಡುವ ಮುನ್ನ ಸೊಂಟದ ಅಳತೆ, ರಕ್ತದೊತ್ತಡ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ರಕ್ತಪರೀಕ್ಷೆ) ಬರೆದಿಡಿ. ಮೂರು ತಿಂಗಳಿಗೆ ಮತ್ತೆ ನೋಡಿ. ಅಂಕಿ ಇಳಿದಿದ್ದರೆ ಆ ಕ್ರಮ ನಿಮಗೆ ಒಗ್ಗಿದೆ, ಮುಂದುವರಿಸಿ. ಇಳಿಯದಿದ್ದರೆ ಉಪಾಸದ ಗಂಟೆ ಹೆಚ್ಚಿಸುವ ಬದಲು ತಾಟಿನಲ್ಲಿರುವುದನ್ನು ಬದಲಿಸಿ.