ಸೆರೆಮನೆಯಿಂದ ಎದ್ದ ದನಿ

ಬೆಳಕನ್ನು ತಡೆಯುವ ಗೋಡೆಯನ್ನೂ ಶಬ್ದ ದಾಟಬಲ್ಲದೆಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಅದಕ್ಕೊಂದು ನಿದರ್ಶನ ಚರಿತ್ರೆಯಲ್ಲೂ ಇದೆ.

1961ರ ಡಿಸೆಂಬರ್. ಅಮೆರಿಕದ ಜಾರ್ಜಿಯಾ ರಾಜ್ಯದ ಆಲ್ಬನಿ ಪಟ್ಟಣ. ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟ ನೂರಾರು ಕಪ್ಪುವರ್ಣೀಯರನ್ನು ಪೊಲೀಸರು ಬಂಧಿಸಿದರು. ಅವರಲ್ಲಿ 19 ವರ್ಷದ ವಿದ್ಯಾರ್ಥಿನಿ ಬರ್ನಿಸ್ ಜಾನ್ಸನ್ ಒಬ್ಬರು. ಸೆರೆಮನೆಯಲ್ಲಿ ವಾದ್ಯವೆಲ್ಲಿಯದು? ಚರ್ಚಿನಲ್ಲಿ ಕಲಿತ ಹಾಡುಗಳನ್ನೇ ಎತ್ತಿಕೊಂಡರು, ಜೊತೆಗಿದ್ದವರು ದನಿಗೂಡಿಸಿದರು.

ಕಾಲೇಜು ಅವರನ್ನು ಹೊರಹಾಕಿತು. 1962ರಲ್ಲಿ ಹುಟ್ಟಿದ ‘ಫ್ರೀಡಂ ಸಿಂಗರ್ಸ್’ ತಂಡದೊಡನೆ ಊರೂರು ಸುತ್ತಿ, ಹಾಡಿ, ಚಳವಳಿಗೆ ಹಣ ಕೂಡಿಸಿದರು. 1973ರಲ್ಲಿ ಮಹಿಳೆಯರದೇ ಆದ ‘ಸ್ವೀಟ್ ಹನಿ ಇನ್ ದ ರಾಕ್’ ಗಾಯನ ತಂಡ ಕಟ್ಟಿದರು. ಓದನ್ನೂ ಕೈಬಿಡದೆ 1975ರಲ್ಲಿ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. 2024ರಲ್ಲಿ ನಿಧನರಾದರು.

ಪೋಷಕರೇ, ‘ಹಾಡುತ್ತಾ ಕೂತರೆ ಓದು ಕೆಡುತ್ತದೆ’ ಎಂದು ಮಗಳನ್ನು ಗದರಿಸುವ ಮುನ್ನ ಬರ್ನಿಸ್‌ರನ್ನು ಒಮ್ಮೆ ನೆನೆಯಿರಿ.